ನನ್ನ ಡಿಜಿಟಲ್ ಚಿತ್ರಕ್ಕೆ ಅಂಟಿದ್ದ ಪ್ಲಾಸ್ಟಿಕ್ ಬಿಟ್ಟಿದ್ದು ಹೇಗೆ

"ಏನಿದು ಅಳಿಯಾ, ಪ್ಲಾಸ್ಟಿಕ್ ಕೊಡಕ್ಕ ಮಾರಿ ಬರದಂಗ ಆಗ್ಯಾದ."

ನಾಲ್ಕು ರಾತ್ರಿ ಕೂತು ಕಂಪ್ಯೂಟರಿಗೆ ಜೋಡಿಸುವ ಪೆನ್ ಟ್ಯಾಬ್ಲೆಟ್‌ನಲ್ಲಿ ಬಿಡಿಸಿದ ಅಜ್ಜನ ಚಿತ್ರ ನೋಡಿ ನಮ್ಮ ಮಾಮಾ ಹೇಳಿದ್ದು ಇಷ್ಟೇ. ಮಾಮಾ ಕಲಬುರಗಿಯಲ್ಲಿ 25 ವರ್ಷ ಅಂಗಡಿ ಬೋರ್ಡ್ ಬರೆದವರು. ಫ್ಲೆಕ್ಸ್ ಬಂದ ಮೇಲೆ ಬ್ರಷ್ ಎಲ್ಲ ಡಬ್ಬಿ ಸೇರಿದವು, ಕಣ್ಣು ಮಾತ್ರ ಹಾಗೇ ಇದೆ. ನನಗೆ ಸಿಟ್ಟು ಬಂತು. ಆದರೆ ಚಿತ್ರ ಮತ್ತೆ ನೋಡಿದರೆ ಅವರ ಮಾತು ನಿಜ. ಕೆನ್ನೆ ಮಿರಮಿರ ಹೊಳೆಯುತ್ತಿತ್ತು, ಮೂಗಿಗೂ ರುಮಾಲಿಗೂ ಹಿಂದಿನ ಗೋಡೆಗೂ ಒಂದೇ ಥರದ ಮೆತ್ತನೆ ಅಂಚು, 78 ವರ್ಷದ ಅಜ್ಜ ಆಗಷ್ಟೇ ಫೇಶಿಯಲ್ ಮಾಡಿಸಿಕೊಂಡು ಬಂದ ಹಾಗೆ ಕಾಣುತ್ತಿದ್ದರು.

ನನಗೆ ಬೇಕಾಗಿದ್ದು ಹಳೆಯ ಕ್ಯಾಲೆಂಡರ್ ಚಿತ್ರಗಳ ಆ ಗುಣ. ಬ್ರಷ್ ಎಲ್ಲಿ ಊರಿತು, ಎಲ್ಲಿ ಎತ್ತಿತು ಅಂತ ಕಾಣಬೇಕು. ನಮ್ಮೂರಿನಲ್ಲಿ ಎಸ್.ಎಂ. ಪಂಡಿತ್ ಅಂದರೆ ಬಹಳ ಜನರಿಗೆ ನೆನಪಾಗುವುದು ರಂಗಮಂದಿರ. ಅಲ್ಲಿ ನಾಟಕ ನೋಡಿದವರೆಲ್ಲ ಅವರ ಚಿತ್ರ ನೋಡಿಲ್ಲ, ಅದೇ ಬೇಜಾರು. 1916ರಲ್ಲಿ ಇಲ್ಲೇ ಹುಟ್ಟಿ, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರೆದು, ದೇವರ, ಪುರಾಣದ ಕ್ಯಾಲೆಂಡರ್ ಚಿತ್ರಗಳಿಂದ ಮನೆಮನೆಯ ಗೋಡೆಗೆ ಬಂದವರು ಅವರು. 1993ರಲ್ಲಿ ತೀರಿಕೊಂಡರು. ಎಣ್ಣೆ ಬಣ್ಣದ ಜೊತೆ ಗ್ವಾಷ್‌ನಲ್ಲೂ ಪಳಗಿದ ಕೈ. ಗ್ವಾಷ್ ಅಂದರೆ ಗಾಬರಿ ಬೇಡ, ನಾವು ಶಾಲೆಯಲ್ಲಿ ಬಳಸುತ್ತಿದ್ದ ಪೋಸ್ಟರ್ ಕಲರ್‌ನ ಅಣ್ಣ ಅನ್ನಬಹುದು. ನೀರಿನ ಬಣ್ಣವೇ, ಆದರೆ ಕೆಳಗಿನದನ್ನು ಪೂರ್ತಿ ಮುಚ್ಚುತ್ತದೆ.

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಕಂಪ್ಯೂಟರಿಗೆ ಹಾಕಿಕೊಳ್ಳುವ ಡಿಜಿಟಲ್ ಬ್ರಷ್ಷುಗಳ ಪ್ಯಾಕ್ ಹುಡುಕಿದೆ. ಫ್ರೀ ಸಿಕ್ಕಿದ್ದು, ದುಡ್ಡು ಕೊಟ್ಟಿದ್ದು ಎಲ್ಲ ಸೇರಿ 300ಕ್ಕಿಂತ ಜಾಸ್ತಿ ಬ್ರಷ್ ಆದವು. ಚಿತ್ರ ಮಾತ್ರ ಪ್ಲಾಸ್ಟಿಕ್ಕೇ. ಈಗ ಬರೀ ಕೊಡ ಅಲ್ಲ, ಗೀರು ಬಿದ್ದ ಕೊಡ.

ಮಾಮಾ ಒಂದು ದಿನ ಕಂಪ್ಯೂಟರ್ ಬಂದ್ ಮಾಡಿಸಿ ಸ್ಟೀಲ್ ತಟ್ಟೆ, ನಾಲ್ಕು ಬಾಟಲಿ ಪೋಸ್ಟರ್ ಕಲರ್, ಒಂದು ಚಪ್ಪಟೆ ಬ್ರಷ್ ಮುಂದಿಟ್ಟರು. ಮೇ ತಿಂಗಳು. ಕಲಬುರಗಿಯ ಮೇ ಅಂದರೆ ಗೊತ್ತಲ್ಲ, 42 ಡಿಗ್ರಿ ಆದರೆ ಯಾರೂ ಅದರ ಬಗ್ಗೆ ಮಾತೇ ಆಡುವುದಿಲ್ಲ. ಹಾಳೆಗೆ ಬಣ್ಣ ಹಚ್ಚಿ, ಪಕ್ಕದ ಬಣ್ಣ ಕಲಸುವಷ್ಟರಲ್ಲಿ ಮೊದಲಿನದು ಒಣಗಿರುತ್ತಿತ್ತು. ಎರಡನ್ನೂ ತಿಕ್ಕಿ ಬೆರೆಸೋಣ ಅಂದರೆ ಆಗದು, ಕೆಸರಾಗುತ್ತದೆ. ಹಾಗಾಗಿ ಕೆನ್ನೆಯ ಬೆಳಕು ಒಂದು ಬಣ್ಣ, ನೆರಳು ಇನ್ನೊಂದು, ನಡುವೆ ತಟ್ಟೆಯಲ್ಲೇ ಕಲಸಿಟ್ಟ ಮೂರನೆಯದು, ಹೀಗೆ ಪಟ್ಟಿ ಪಟ್ಟಿಯಾಗಿ ಇಡಲೇಬೇಕು. ಇನ್ನೊಂದು ಪೇಚಾಟ, ಈ ಬಣ್ಣದಲ್ಲಿ ಗಾಢವಾಗಿದ್ದು ಒಣಗಿದರೆ ಸ್ವಲ್ಪ ತಿಳಿಯಾಗುತ್ತದೆ, ತಿಳಿಯಾಗಿದ್ದು ಸ್ವಲ್ಪ ಮಂಕಾಗುತ್ತದೆ. ಮೊದಲೇ ಯೋಚಿಸಿ ಇಡದಿದ್ದರೆ ಕೈ ಕೊಡುತ್ತದೆ.

ಆ ಮಧ್ಯಾಹ್ನ ಹೊಳೆಯಿತು. ಕಂಪ್ಯೂಟರ್‌ನಲ್ಲಿ ಬಣ್ಣ ಒಣಗುವುದೇ ಇಲ್ಲ, ಎಷ್ಟು ಬೇಕಾದರೂ ಸವರುತ್ತಾ ಕೂರಬಹುದು, ನಾನು ಕೂತಿದ್ದೆ ಕೂಡ. ಅಜ್ಜನ ಕೆನ್ನೆ ಹಾಗಾಗಿದ್ದು ಅದಕ್ಕೇ.

ವಾಪಸ್ ಬಂದು ಕ್ರಿಟಾ ತೆರೆದೆ. (ಚಿತ್ರ ಬಿಡಿಸುವ ಫ್ರೀ ಸಾಫ್ಟ್‌ವೇರ್, ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಫ್ಯಾನ್ ಮಾತ್ರ ಗಿರಣಿ ಥರ ಕೂಗುತ್ತದೆ.) ಮೊದಲು ಮೆತ್ತನೆ ಅಂಚಿನಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಕಿತ್ತುಹಾಕಿದೆ. ಆಮೇಲೆ ಪೆನ್ ಒತ್ತಿದಷ್ಟೂ ಬಣ್ಣ ಗಟ್ಟಿಯಾಗುವ ಸೆಟ್ಟಿಂಗ್ ಬಂದ್ ಮಾಡಿದೆ. ಒತ್ತಿದರೆ ಗೆರೆ ದಪ್ಪ ಆಗಬಹುದು, ಬಣ್ಣ ಮಾತ್ರ ಯಾವಾಗಲೂ ಪೂರ್ತಿ ಮುಚ್ಚಬೇಕು. ಇದೊಂದೇ ಬದಲಾವಣೆಗೆ ಒಂದು ವಾರ ನರಳಿದೆ. ನಡುವಿನ ಬಣ್ಣ ತಾನಾಗಿ ಬರುವುದಿಲ್ಲ, ಪ್ರತಿ ಸಲ ಆರಿಸಬೇಕು. ಆದರೆ ಮುಖದಲ್ಲಿ ಮೂಳೆ ಕಾಣತೊಡಗಿದ್ದು ಆಗಲೇ. ಲೇಯರ್ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆ ಅಂದುಕೊಳ್ಳಿ) ಎರಡೇ, ಒಂದು ಸ್ಕೆಚ್‌ಗೆ, ಒಂದು ಬಣ್ಣಕ್ಕೆ. ಅನ್‌ಡೂ (ಹಾಕಿದ ಗೆರೆ ವಾಪಸ್ ತೆಗೆಯುವುದು) 5 ಸಲಕ್ಕೆ ಇಳಿಸಿದೆ. ಪೂರ್ತಿ ತೆಗೆಯುವಷ್ಟು ಧೈರ್ಯ ನನಗಿಲ್ಲ.

ಬಿಳಿ ಕ್ಯಾನ್ವಾಸೂ ಬಿಟ್ಟೆ. ಬಿಳಿಯ ಮೇಲೆ ಯಾವ ಬಣ್ಣ ಇಟ್ಟರೂ ಕಪ್ಪಾಗಿ ಕಾಣುತ್ತದೆ, ನಾವು ಹೆದರಿ ಎಲ್ಲವನ್ನೂ ತಿಳಿ ಮಾಡುತ್ತೇವೆ. ನಮ್ಮ ಮನೆಯ ನೆಲ ಶಹಾಬಾದ ಕಲ್ಲಿನದು. ನೀರು ಹಾಕಿ ಒರೆಸಿದ ಮೇಲೆ ಅದಕ್ಕೆ ಬರುವ ಬೂದು ಬಣ್ಣ ಇದೆಯಲ್ಲ, ಅದನ್ನೇ ನೋಡಿಕೊಂಡು ಕಲಸಿ ಹಿನ್ನೆಲೆಗೆ ತುಂಬುತ್ತೇನೆ. ಚಿತ್ರ ಮುಗಿದಾಗಲೂ ಅಲ್ಲಲ್ಲಿ ಆ ಬೂದು ಇಣುಕಿದರೆ ಬಿಡುತ್ತೇನೆ.

ಬಣ್ಣ ಬೆರೆಸುವುದು ಇನ್ನೊಂದು ಗೋಳು. ತಟ್ಟೆಯಲ್ಲಿ ನೀಲಿಗೆ ಹಳದಿ ಹಾಕಿದರೆ ಹಸಿರು, ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಸಾಮಾನ್ಯ ಡಿಜಿಟಲ್ ಬ್ರಷ್‌ನಲ್ಲಿ ಬೂದು ಬರುತ್ತದೆ! ಕಾರಣ ಸರಳ. ಪರದೆಗೆ ಪ್ರತಿ ಬಣ್ಣವೂ ಕೆಂಪು, ಹಸಿರು, ನೀಲಿ ಬೆಳಕಿನ ಮೂರು ಅಂಕಿ, ಒಂದೊಂದೂ 0 ಇಂದ 255ರವರೆಗೆ. ಹಳದಿ ಅಂದರೆ 255, 255, 0. ನೀಲಿ ಅಂದರೆ 0, 0, 255. ಎರಡರ ಸರಾಸರಿ ತೆಗೆದರೆ ಮೂರೂ 128ರ ಹತ್ತಿರ, ಅಂದರೆ ಬೂದು. ನಿಜವಾದ ಬಣ್ಣದ ಪುಡಿ ಹಾಗೆ ಸರಾಸರಿ ಮಾಡುವುದಿಲ್ಲ, ಬೆಳಕಿನಲ್ಲಿ ಒಂದಿಷ್ಟು ನುಂಗಿ ಒಂದಿಷ್ಟು ವಾಪಸ್ ಕಳಿಸುತ್ತದೆ. ಇದರ ಲೆಕ್ಕವನ್ನು ಕುಬೆಲ್ಕಾ ಮತ್ತು ಮುಂಕ್ ಅನ್ನುವ ಇಬ್ಬರು 1931ರಲ್ಲೇ ಬರೆದಿಟ್ಟಿದ್ದಾರೆ, ಈಗಿನ ಕೆಲವು ಸಾಫ್ಟ್‌ವೇರ್‌ಗಳು ಅದನ್ನೇ ಬಳಸುತ್ತವೆ. ನಾನು ಅಡ್ಡದಾರಿ ಹಿಡಿದೆ. ಡ್ರಾಯಿಂಗ್ ಶೀಟಿನ ಮೇಲೆ ಬಿಳಿ, ಹಳದಿ ಮಣ್ಣಿನ ಬಣ್ಣ, ಕೆಂಪು, ಕಪ್ಪು ಈ ನಾಲ್ಕನ್ನೇ ಒಂದರೊಳಗೊಂದು ಕಲಸಿ 40 ಚೌಕ ಮಾಡಿ, ಸ್ಕ್ಯಾನ್ ಮಾಡಿ, ಪರದೆಯ ಮೂಲೆಗೆ ಇಟ್ಟುಕೊಂಡೆ. ಬಣ್ಣ ಬೇಕಾದಾಗ ಅಲ್ಲಿಂದಲೇ ಎತ್ತುವುದು. ಈ ನಾಲ್ಕು ನನ್ನ ಆಯ್ಕೆ ಅಲ್ಲ, ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಝೋರ್ನ್ ಹೆಸರಿನಲ್ಲಿ ಓಡುವ ಪ್ಯಾಲೆಟ್, ಅಂದರೆ ಬಣ್ಣಗಳ ಗುಂಪು. ನೀಲಿಯೇ ಇಲ್ಲವಲ್ಲ ಅಂದುಕೊಂಡಿದ್ದೆ. ಕಪ್ಪಿಗೆ ಬಿಳಿ ಸೇರಿಸಿ ಕೆಂಪಿನ ಪಕ್ಕ ಇಡಿ, ಕಣ್ಣಿಗೆ ನೀಲಿಯೇ. ಕಪ್ಪು, ಹಳದಿ ಕಲಸಿದರೆ ಒಣಗಿದ ತೊಗರಿ ಎಲೆಯ ಹಸಿರು.

300 ಬ್ರಷ್ ಹೋಗಿ ಈಗ ಮೂರಿವೆ. ಅದರಲ್ಲಿ ಒಂದು ಮಾಮಾನದು. ಅವರ ಡಬ್ಬಿಯಲ್ಲಿ ಕೂದಲು ಸವೆದು ಒಂದು ಕಡೆ ವಾಲಿದ ಚಪ್ಪಟೆ ಬ್ರಷ್ ಇತ್ತು. ಅದನ್ನು ಕಪ್ಪು ಬಣ್ಣದಲ್ಲಿ ಅದ್ದಿ, ಹಳೇ ಬಟ್ಟೆಗೆ ಒರೆಸಿ, ಹೆಚ್ಚುಕಮ್ಮಿ ಒಣ ಬ್ರಷ್ಷನ್ನೇ ಹಾಳೆಗೆ ತಟ್ಟಿದೆ. ಒಂದು 50 ಗುರುತು ಬಿದ್ದಿರಬೇಕು. ಅದರಲ್ಲಿ ನಾಲ್ಕು ಚೆನ್ನಾಗಿದ್ದವು. ಅವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಕಪ್ಪು ಇದ್ದಲ್ಲಿ ಬಣ್ಣ ಬೀಳುವ ಹಾಗೆ, ಬಿಳಿ ಇದ್ದಲ್ಲಿ ಖಾಲಿ ಇರುವ ಹಾಗೆ ಬ್ರಷ್ ತುದಿ ಮಾಡಿ, ಕೈ ಹೋದ ದಿಕ್ಕಿಗೇ ಅದು ತಿರುಗುವಂತೆ ಇಟ್ಟೆ. ಅಜ್ಜನ ರುಮಾಲಿನ ಮಡಿಕೆಗೆ ಇದನ್ನು ಎಳೆದರೆ ಕೂದಲು ಸೀಳಿದ ಕಡೆ ಎರಡು ಸಣ್ಣ ಗೆರೆ ಬೇರೆಯಾಗಿ ಬರುತ್ತವೆ. ಮಾಮಾ ಅದನ್ನು ಗುರುತು ಹಿಡಿದರು. "ನನ್ ಎರಡಿಂಚಿನ ಬ್ರಷ್ ಅಲ್ಲೇನೋ ಇದು!" ಟ್ಯಾಬ್ಲೆಟ್ ಮೇಲೆ ಒಂದು ಬಾಂಡ್ ಪೇಪರ್ ಅಂಟಿಸಿದ್ದೇನೆ, ಪೆನ್ ಜಾರುವುದು ನಿಂತು ಹಾಳೆಯ ಗರಗರ ಸಿಗುತ್ತದೆ. ನಿಬ್ ಬೇಗ ಸವೆಯುತ್ತದೆ, ಅದೊಂದು ಖರ್ಚು.

ಅಂಚಿನ ಬಗ್ಗೆ ಒಂದೇ ಮಾತು: ಮುಖದ ಬೆಳಕಿನ ಕಡೆ ಕತ್ತರಿಸಿದ ಹಾಗೆ ಇಡುತ್ತೇನೆ, ನೆರಳಿನ ಕಡೆ ಕಿವಿ ಗೋಡೆಯೊಳಗೆ ಕಳೆದುಹೋದರೂ ಸುಮ್ನೆ ಬಿಡುತ್ತೇನೆ.

ಇಷ್ಟೆಲ್ಲ ಕಲಿತೆ ಅಂತ ಬೀಗುವಾಗಲೇ ಮೊದಲ ಆರ್ಡರ್ ಬಂತು. ಒಬ್ಬರು ತಮ್ಮ ತೀರಿಕೊಂಡ ತಂದೆಯ ಚಿತ್ರ ಕೇಳಿದ್ದರು. ಪ್ರಿಂಟ್ ಕೈಗೆ ಬಂದಾಗ ಎದೆ ಧಸಕ್ ಅಂತು. ಮುಖದ ಅರ್ಧ ಭಾಗ ಡಾಂಬರು. ತಪ್ಪು ನನ್ನದೇ. ರಾತ್ರಿ ಲೈಟ್ ಆರಿಸಿ, ಪರದೆಯ ಬೆಳಕು ಪೂರ್ತಿ ಏರಿಸಿ ಬಿಡಿಸಿದ್ದೆ, ಕಾಗದ ತಾನಾಗಿ ಬೆಳಗುವುದಿಲ್ಲ ಅನ್ನುವುದು ತಲೆಗೇ ಬಂದಿರಲಿಲ್ಲ. ನೆರಳನ್ನೆಲ್ಲ ತಿಳಿ ಮಾಡಿ ನನ್ನ ದುಡ್ಡಿನಲ್ಲೇ ಇನ್ನೊಂದು ಪ್ರಿಂಟ್ ಹಾಕಿಸಿಕೊಟ್ಟೆ. ಈಗ ಹಗಲು ಹೊತ್ತು, ಕಿಟಕಿ ಪಕ್ಕ, ಒಂದು ಬಿಳಿ ಹಾಳೆ ಪರದೆಗೆ ಆನಿಸಿಟ್ಟು ಎರಡೂ ಒಂದೇ ಥರ ಕಾಣುವವರೆಗೆ ಬೆಳಕು ಇಳಿಸಿಕೊಂಡೇ ಶುರು ಮಾಡುವುದು. ಪೂರ್ತಿ ಕೆಲಸಕ್ಕೆ ಮೊದಲು ಪೋಸ್ಟ್‌ಕಾರ್ಡ್ ಅಳತೆಯ ಒಂದು ಪ್ರಿಂಟ್ ತೆಗೆಸುತ್ತೇನೆ.

ಸದ್ಯ ಬಿಳಿ ಧೋತ್ರದ ಹತ್ತಿರ ಸಿಕ್ಕಿಬಿದ್ದಿದ್ದೇನೆ. ಮಟಮಟ ಮಧ್ಯಾಹ್ನ ಅಂಗಳದಲ್ಲಿ ನಿಂತವರ ಧೋತ್ರದ ನೆರಳು ಬೂದು ಇರುವುದಿಲ್ಲ. ಮೇಲ್ಮುಖದ ಮಡಿಕೆಗೆ ಆಕಾಶದ ನೀಲಿ ಬರುತ್ತದೆ, ಕೆಳಮುಖದ್ದಕ್ಕೆ ನೆಲದ ಬಣ್ಣ. ನನ್ನ ನಾಲ್ಕು ಬಣ್ಣದಲ್ಲಿ ಆ ನೀಲಿ ಸಾಲುತ್ತಿಲ್ಲ, ಐದನೆಯದು ಸೇರಿಸಲೋ ಬೇಡವೋ ಗೊತ್ತಾಗುತ್ತಿಲ್ಲ. ಮಾಮಾನಿಗೆ ಕೇಳಿದೆ. "ನಾಳಿ ಧೋತ್ರ ಉಟ್ಕೊಂಡು ಅಂಗಳದಾಗ ನಿಂದರ್ತೀನಿ. ಹತ್ತ್ ನಿಮಿಷದಾಗ ನೋಡ್ಕೊ. ಮ್ಯಾಲ ನನಗ ಬಿಸಿಲು ತಡಿಯಂಗಿಲ್ಲ" ಅಂದಿದ್ದಾರೆ.