ಗುಡ್ಡದ ದಾರಿಗೆ, ತೂಕದ ಸವಾರರಿಗೆ ಎಲೆಕ್ಟ್ರಿಕ್ ಸೈಕಲ್

ಕಾಸರಗೋಡಿನ ಒಳನಾಡಿನಲ್ಲಿ ಎಲೆಕ್ಟ್ರಿಕ್ ಸೈಕಲ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಚೆರ್ಕಳದಿಂದ ಬದಿಯಡ್ಕಕ್ಕೋ ಮುಳ್ಳೇರಿಯಕ್ಕೋ ಹೋಗುವ ಡಾಮರು ರಸ್ತೆಯನ್ನಲ್ಲ, ಆ ರಸ್ತೆಯಿಂದ ತಮ್ಮ ಮನೆಯಂಗಳಕ್ಕೆ ಇಳಿಯುವ ದಾರಿಯನ್ನು. ಬಸ್ಸು ಓಡುವ ರಸ್ತೆ ಮುರಕಲ್ಲಿನ ಗುಡ್ಡದ ಮೇಲಿದ್ದರೆ ಮನೆ, ಅಡಿಕೆ ತೋಟಗಳು ಕೆಳಗೆ ತೋಡಿನ ಬದಿಯಲ್ಲಿರುತ್ತವೆ. ಸೈಕಲ್ಲಿನ ನಿಜವಾದ ಪರೀಕ್ಷೆ ನಡುವಿನ ಆ ಅರ್ಧ ಕಿಲೋಮೀಟರಿನಲ್ಲೇ ಮುಗಿಯುತ್ತದೆ. ಅದರ ಏರನ್ನು ಅಳೆಯುವುದು ಕಷ್ಟವಲ್ಲ. 1 ಮೀಟರ್ ಉದ್ದದ ನೇರ ಪಟ್ಟಿಯ ಒಂದು ತುದಿಯನ್ನು ದಾರಿಯ ಮೇಲ್ಭಾಗದಲ್ಲಿ ನೆಲಕ್ಕೂರಿ, ಮೇಸ್ತ್ರಿಯ ರಸಮಟ್ಟವಿಟ್ಟು ಸಮಮಾಡಿ, ಇನ್ನೊಂದು ತುದಿ ನೆಲದಿಂದ ಎಷ್ಟು ಮೇಲಿದೆಯೆಂದು ನೋಡಿ: 10 ಸೆಂಟಿಮೀಟರ್ ಇದ್ದರೆ ಅದು ಶೇಕಡಾ 10ರ ಏರು.

ಬಳಿಕ ತೂಕ. 105 ಕಿಲೋ ತೂಗುವ ಸವಾರ, 25 ಕಿಲೋ ಸೈಕಲ್, ಪೇಟೆಯಿಂದ ತರುವ 10 ಕಿಲೋ ಸಾಮಾನು ಸೇರಿದರೆ 140 ಕಿಲೋ. ಇಷ್ಟು ಭಾರವನ್ನು ಶೇಕಡಾ 10ರ ಏರಿನಲ್ಲಿ ಗಂಟೆಗೆ 9 ಕಿಲೋಮೀಟರ್ ವೇಗದಲ್ಲಿ ಹತ್ತಿಸಲು, ಟಯರಿನ ಉಜ್ಜುವಿಕೆಯನ್ನೂ ಲೆಕ್ಕ ಹಿಡಿದರೆ, ಸುಮಾರು 400 ವ್ಯಾಟ್ ಬೇಕು. ನಮ್ಮಲ್ಲಿ ನೋಂದಣಿ, ಲೈಸೆನ್ಸ್ ಬೇಡದ ಸೈಕಲ್ಲಿಗೆ ಮೋಟಾರು 250 ವ್ಯಾಟ್, ವೇಗ ಗಂಟೆಗೆ 25 ಕಿಲೋಮೀಟರ್ ಮೀರುವಂತಿಲ್ಲ. ಉಳಿದ 150 ವ್ಯಾಟ್ ಕಾಲಿನಿಂದಲೇ ಬರಬೇಕು. ಪೆಡಲ್ ತುಳಿಯದೆ ಬರಿಯ ಥ್ರಾಟಲ್ ತಿರುವಿ ಗುಡ್ಡ ಹತ್ತುವ ಆಸೆಯಿದ್ದವರು ನೋಂದಣಿಯಾಗುವ ಸ್ಕೂಟರನ್ನೇ ಕೊಳ್ಳುವುದು ಲೇಸು.

ವ್ಯಾಟ್ ಒಂದೇ ಆದರೂ ಮೋಟಾರು ಎಲ್ಲಿ ಕುಳಿತಿದೆ ಎಂಬುದು ಬಹಳ ಮುಖ್ಯ. ಹಿಂಚಕ್ರದ ಹಬ್‌ನೊಳಗೆ, ಎಂದರೆ ಚಕ್ರದ ನಡುಭಾಗದಲ್ಲಿ, ಇರುವ ಮೋಟಾರು ಚಕ್ರದ ವೇಗದಲ್ಲೇ ಕೆಲಸ ಮಾಡಬೇಕಾದುದರಿಂದ, ಕಡಿದಾದ ಏರಿನಲ್ಲಿ ಚಕ್ರ ನಿಧಾನವಾದಂತೆ ಬ್ಯಾಟರಿಯ ಶಕ್ತಿ ಹೆಚ್ಚೆಚ್ಚು ಬಿಸಿಯಾಗಿ ವ್ಯಯವಾಗುತ್ತದೆ. ಪೆಡಲಿನ ಬಳಿ ಕೂರುವ ಮಿಡ್ ಡ್ರೈವ್ ಮೋಟಾರಿಗೆ ಸೈಕಲ್ಲಿನ ಗೇರುಗಳ ಸಹಾಯವಿರುವುದರಿಂದ ಅದು ತನಗೆ ಹಿತವಾದ ವೇಗದಲ್ಲೇ ತಿರುಗುತ್ತದೆ. ಬೆಲೆ ಹೆಚ್ಚು, ಚೈನು ಬೇಗ ಸವೆಯುತ್ತದೆ. ಆದರೂ 100 ಕಿಲೋ ದಾಟಿದವರಿಗೆ, ಏರು ಶೇಕಡಾ 10 ಮೀರಿದಲ್ಲಿ, ನನ್ನ ಆಯ್ಕೆ ಅದೇ. ಹಬ್ ಮೋಟಾರಿಗೇ ತೃಪ್ತಿಪಡುವುದಾದರೆ ಒಂಟಿ ಗೇರಿನ ಸೈಕಲ್ ಬೇಡ. ಕಾಲಿನ ಕೆಲಸ ಹಗುರವಾಗಲು ಹಿಂದೆ 34 ಹಲ್ಲುಗಳ ದೊಡ್ಡ ಹಲ್ಲುಚಕ್ರವಿರುವ ಗೇರು ಇರಲಿ.

ಬ್ಯಾಟರಿಯ ವಿಷಯದಲ್ಲಿ, ಒಮ್ಮೆ ಚಾರ್ಜ್ ಮಾಡಿದರೆ ಇಷ್ಟು ಕಿಲೋಮೀಟರ್ ಎಂಬ ಜಾಹೀರಾತನ್ನು ಬದಿಗಿಟ್ಟು, ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿ ನೋಡಬೇಕು. ಬರುವ ಉತ್ತರ ವ್ಯಾಟ್ ಅವರ್, ಎಂದರೆ ಬ್ಯಾಟರಿಯಲ್ಲಿ ಹಿಡಿಯುವ ಒಟ್ಟು ಶಕ್ತಿ: 36 ವೋಲ್ಟ್, 7.5 ಆಂಪಿಯರ್ ಅವರ್ ಎಂದರೆ 270 ವ್ಯಾಟ್ ಅವರ್. ಮೇಲೆ ಹೇಳಿದ 140 ಕಿಲೋವನ್ನು 100 ಮೀಟರ್ ಎತ್ತರಕ್ಕೆ ಒಯ್ಯಲು 38 ವ್ಯಾಟ್ ಅವರ್ ಬೇಕು, ಮೋಟಾರಿನ ನಷ್ಟ ಸೇರಿದರೆ 50ರ ಆಸುಪಾಸು. ಸಮತಟ್ಟಿನ ಓಟವೂ ಇರುವುದರಿಂದ 500 ವ್ಯಾಟ್ ಅವರ್‌ಗಿಂತ ಕಡಿಮೆಯದನ್ನು ಒಪ್ಪಬೇಡಿ. ಮಳೆಗಾಲದಲ್ಲಿ ಕರೆಂಟು ಯಾವಾಗ ಬರುತ್ತದೆಂದು ಕಾಯುವ ಮನೆಗಳಿಗೆ ಬಿಚ್ಚಿ ಒಯ್ಯಬಹುದಾದ ಬ್ಯಾಟರಿ ಅನುಕೂಲ.

ಹತ್ತುವುದರ ಚಿಂತೆಯಲ್ಲಿ ಇಳಿಯುವುದನ್ನು ಮರೆಯುವವರೇ ಹೆಚ್ಚು. ಮಳೆಯಲ್ಲಿ ಒದ್ದೆಯಾದ ಇಳಿಜಾರಿನಲ್ಲಿ 140 ಕಿಲೋ ವೇಗ ಹಿಡಿದರೆ ರಿಮ್ಮನ್ನು ಒತ್ತುವ ರಬ್ಬರ್ ಬ್ರೇಕು ಸುಲಭವಾಗಿ ನಿಲ್ಲಿಸಲಾರದು. ಎರಡೂ ಚಕ್ರಗಳಿಗೆ ದ್ರವದ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಡಿಸ್ಕ್ ಬ್ರೇಕು ಬೇಕು, ಮುಂದಿನ ಡಿಸ್ಕ್ 180 ಮಿಲಿಮೀಟರ್ ವ್ಯಾಸದ್ದಾದರೆ ಉತ್ತಮ. ಹಿಂಚಕ್ರಕ್ಕೆ ದಪ್ಪನೆಯ 36 ಕಡ್ಡಿಗಳು, 2 ಇಂಚಿಗಿಂತ ಅಗಲದ ಟಯರು ಇರಲಿ. ಕಂಪೆನಿ ಹೇಳುವ ಗರಿಷ್ಠ ಭಾರ ಸವಾರನದು ಮಾತ್ರವೋ, ಸೈಕಲ್ಲನ್ನೂ ಸೇರಿಸಿದ್ದೋ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. 120 ಎಂದು ಬರೆದಲ್ಲಿ ನಿಮ್ಮ ಪಾಲಿಗೆ 95 ಮಾತ್ರ ಉಳಿದಿರಬಹುದು.

ಅಂಗಡಿಯೆದುರಿನ ಹೆದ್ದಾರಿಯಲ್ಲಿ ಎಲ್ಲ ಸೈಕಲ್ಲುಗಳೂ ಚೆನ್ನಾಗಿಯೇ ಓಡುತ್ತವೆ. ಹಣ ಕೊಡುವ ಮೊದಲು ಅದನ್ನು ನಿಮ್ಮ ಮನೆಯ ದಾರಿಗೇ ತರಿಸಿ, ಸಾಮಾನು ಕಟ್ಟಿ, ಏರಿನ ಮಧ್ಯದಲ್ಲಿ ಪೂರ್ತಿ ನಿಲ್ಲಿಸಿ, ಅಲ್ಲಿಂದಲೇ ಮತ್ತೆ ಹೊರಡಿಸಿ ನೋಡಿ. ಹೀಗೆ ಮೂರು ಬಾರಿ ಹತ್ತಿದ ಮೇಲೆ ಮೋಟಾರಿನ ಮೇಲೆ ಅಂಗೈ ಇಡಲಾಗದಷ್ಟು ಬಿಸಿಯಿದ್ದರೆ ಆ ಸೈಕಲ್ ಅಂಗಡಿಗೇ ಹಿಂತಿರುಗಲಿ.