ಅಥೆನ್ಸ್ ಸಂತೆಯಲ್ಲಿ ನಾನು ಕಲಿತ ಗ್ರೀಕ್

ಅಥೆನ್ಸ್‌ಗೆ ಬಂದ ಮೇಲೆ ನಾನು ಗ್ರೀಕ್ ಕಲಿಯಲು ಶುರು ಮಾಡಿದ್ದು ತರಕಾರಿಯಿಂದ. ವ್ಯಾಕರಣ ಆಮೇಲೆ ಬಂತು. ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು. ತಟ್ಟೆಯಲ್ಲಿ ಏನಿದೆ ಅಂತ ಗೊತ್ತಿರಲೇಬೇಕಲ್ವಾ?

ಇಲ್ಲಿನ ಬಡಾವಣೆಗಳಲ್ಲಿ ವಾರಕ್ಕೊಂದು ದಿನ ರಸ್ತೆಯಲ್ಲೇ ಸಂತೆ ಕೂಡುತ್ತದೆ. ಅದಕ್ಕೆ ‘ಲೈಕೀ’ ಅನ್ನುತ್ತಾರೆ. ತರಕಾರಿ ರಾಶಿಯ ಮೇಲೆ ಹೆಸರು, ಬೆಲೆ ಬರೆದ ಚೀಟಿ ಸಿಕ್ಕಿಸಿರುತ್ತಾರೆ. ಹೆಚ್ಚಾಗಿ ದೊಡ್ಡಕ್ಷರದಲ್ಲಿ, ಅಂದರೆ ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆಯುತ್ತಾರೆ, ಹಾಗಾಗಿ ನಾನು ಅವನ್ನೇ ಮೊದಲು ಕಲಿತೆ. ಬೆಂಡೆಕಾಯಿ ಚೀಟಿಯಲ್ಲಿ ಮೊದಲು ‘ಮ’, ಆಮೇಲೆ ‘ಪ’ ಇರುತ್ತದೆ. ಓದುವುದು ಮಾತ್ರ ‘ಬಾಮಿಯೆಸ್’. ಹಳೆಯ ‘ಬೀಟ’ ಅಕ್ಷರದ ಉಚ್ಚಾರ ಈಗ ‘ವ’ ಆಗಿಬಿಟ್ಟಿದೆ. ಅದಕ್ಕೇ ‘ಬ’ ಬೇಕಾದಾಗ ಮ-ಪ ಜೋಡಿಸುತ್ತಾರೆ. ನ-ತ ಸೇರಿದರೆ ‘ದ’: ದೊಮಾತ, ಅಂದರೆ ಟೊಮೆಟೊ.

ಇನ್ನು ಉಚ್ಚಾರ. ಯಾವ ಸ್ವರವನ್ನು ಒತ್ತಿ ಹೇಳಬೇಕು ಅನ್ನುವುದು ಗ್ರೀಕ್‌ನಲ್ಲಿ ಬಹಳ ಮುಖ್ಯ. ದೊಡ್ಡಕ್ಷರದಲ್ಲಿ ಅದರ ಗುರುತು ಹಾಕುವುದಿಲ್ಲ. ಅದಕ್ಕೆ ಮಾರುವವರ ಬಾಯಲ್ಲಿ ಕೇಳಿ ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದೆ. ಒತ್ತಿ ಹೇಳುವ ಕಡೆ ದೀರ್ಘ, ಉಳಿದ ಕಡೆ ಹ್ರಸ್ವ. ನೆರೋ ಅಂದರೆ ನೀರು. ಗಾಲ ಅಂದರೆ ಹಾಲು. ಲಾದಿ ಅಂದರೆ ಎಣ್ಣೆ. ನಮ್ಮ ಲಿಪಿಗೆ ಇದು ಎಷ್ಟು ಚೆನ್ನಾಗಿ ಒಗ್ಗುತ್ತದೆ ಅಂತ ಬರೆದು ನೋಡಿದರೇ ಗೊತ್ತಾಗುತ್ತದೆ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಸೊಪ್ಪು. ಬೇಸಿಗೆಯಲ್ಲಿ ‘ವ್ಲೀತ’ ಅಂತ ಕಟ್ಟುಕಟ್ಟಾಗಿ ಬರುತ್ತದೆ. ಎಲೆ, ದಂಟು ಎಲ್ಲ ಗುರುತಿನದೇ. ನಮ್ಮ ಹರಿವೆ, ದಂಟಿನ ಸೊಪ್ಪಿನ ಜಾತಿ ಅದು. ಇಲ್ಲಿಯವರು ಬೇಯಿಸಿ, ಆಲಿವ್ ಎಣ್ಣೆ, ನಿಂಬೆರಸ ಹಾಕಿ ತಿನ್ನುತ್ತಾರೆ. ನಾನು ಬೇಳೆ ಜೊತೆ ಬೇಯಿಸಿ ಮಸ್ಸೊಪ್ಪು ಮಾಡುತ್ತೇನೆ. ‘ಗ್ಲಿಸ್ತ್ರೀದ’ ನಮ್ಮ ಗೋಣಿ ಸೊಪ್ಪು. ಅದನ್ನಿಲ್ಲಿ ಟೊಮೆಟೊ ಜೊತೆ ಹಸಿಯಾಗಿಯೇ ತಿನ್ನುತ್ತಾರೆ. ‘ಆನಿಥೊಸ್’ ಸಬ್ಬಸಿಗೆ. ಕೊತ್ತಂಬರಿ ಕೊಳ್ಳುವಾಗ ಮಾತ್ರ ಹುಷಾರಾಗಿರಬೇಕು. ಥೇಟ್ ಹಾಗೇ ಕಾಣುವ ಕಟ್ಟು ‘ಮೈದನೋಸ್’, ಅಂದರೆ ಪಾರ್ಸ್ಲಿ. ಎಲೆ ಉಜ್ಜಿ ಮೂಸಿದರೆ ತಿಳಿಯುತ್ತದೆ.

ಹೋಟೆಲಿಗೆ ಬೇಕಾದ ಮಾತು ಕಡಿಮೆ. ‘ಖೊರೀಸ್ ಕ್ರೇಅಸ್’ ಅಂದರೆ ಮಾಂಸ ಬೇಡ. ಅಷ್ಟೇ ಸಾಲದು. ‘ಜೊಮೋಸ್’ ಇದೆಯಾ ಅಂತಲೂ ಕೇಳಬೇಕು, ಅದು ತರಕಾರಿಯನ್ನೋ ಮಾಂಸವನ್ನೋ ಬೇಯಿಸಿ ತೆಗೆದ ರಸ, ಅಂದರೆ ಸ್ಟಾಕ್, ಕೋಳಿಯದ್ದೂ ಇರಬಹುದು. ‘ಕಿಮಾಸ್’ ಅಂದರೆ ಖೀಮಾ. ಅನ್ನ ತುಂಬಿದ ಟೊಮೆಟೊ, ದ್ರಾಕ್ಷಿ ಎಲೆಗಳಲ್ಲಿ ಅದು ಕೆಲವೊಮ್ಮೆ ಸೇರಿರುತ್ತದೆ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದ ಪದ ‘ನಿಸ್ತೀಸಿಮೊ’, ಉಪವಾಸದ ಊಟ. ಈಸ್ಟರ್‌ಗೆ ಮುಂಚಿನ 48 ದಿನ ಆರ್ಥಡಾಕ್ಸ್ ಕ್ರೈಸ್ತರ ದೊಡ್ಡ ಉಪವಾಸ. ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಆದರೆ ‘ಥಲಸಿನಾ’, ಅಂದರೆ ಸಿಗಡಿ, ಆಕ್ಟೋಪಸ್ ಇಂಥವಕ್ಕೆ ಅಡ್ಡಿಯಿಲ್ಲ. ಉಪವಾಸದ ಮೊದಲ ಸೋಮವಾರ ತಿನ್ನುವ ‘ತರಮೊಸಲಾತ’ ಮೀನಿನ ಮೊಟ್ಟೆಯದು. ಹಾಗಾಗಿ ಆ ಒಂದು ಪದ ನೋಡಿ ಸುಮ್ನೆ ತಟ್ಟೆಗೆ ಕೈ ಹಾಕುವ ಹಾಗಿಲ್ಲ. ನಿಶ್ಚಿಂತೆ ಬೇಕೆಂದರೆ ‘ಲದೆರಾ’ ಕೇಳುತ್ತೇನೆ. ತರಕಾರಿಯನ್ನು ಟೊಮೆಟೊ, ಧಾರಾಳ ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿದ ಪಲ್ಯಗಳಿಗೆ ಒಟ್ಟಾಗಿ ಆ ಹೆಸರು. ಹುರುಳಿಕಾಯಿಯದು ‘ಫಸೊಲಾಕ್ಯ’, ಅದು ನಮ್ಮ ಮನೆ ಮಕ್ಕಳಿಗೂ ಇಷ್ಟ.

ಸಾಂಬಾರ ಪದಾರ್ಥಗಳಲ್ಲಿ ‘ಕೀಮಿನೊ’ ಜೀರಿಗೆ, ‘ಪಿಪೇರಿ’ ಕಾಳುಮೆಣಸು. ಪಿಪೇರಿಯ ಮೂಲ ನಮ್ಮ ಕಡೆಯ ಪಿಪ್ಪಲಿ, ಅಂದರೆ ಹಿಪ್ಪಲಿ.

ಕೊನೆಗೆ ಕಾಫಿ. ಪುಡಿ, ನೀರು, ಸಕ್ಕರೆ ಮೂರನ್ನೂ ಸಣ್ಣ ಪಾತ್ರೆಯಲ್ಲಿ ಒಟ್ಟಿಗೆ ಕಾಯಿಸುತ್ತಾರೆ. ಹಾಗಾಗಿ ಸಿಹಿ ಎಷ್ಟು ಅಂತ ಹೇಳುವಾಗಲೇ ಹೇಳಿಬಿಡಬೇಕು: ಸಕ್ಕರೆ ಬೇಡವಾದರೆ ‘ಸ್ಕೇತೊ’, ಹದವಾಗಿ ಬೇಕಾದರೆ ‘ಮೇತ್ರಿಯೊ’, ಸಿಹಿ ಜಾಸ್ತಿ ಬೇಕಾದರೆ ‘ಗ್ಲಿಕೋ’. ಗಸಿ ತಳದಲ್ಲಿ ನಿಲ್ಲುವವರೆಗೆ ಸ್ವಲ್ಪ ಕಾಯಬೇಕು.