ಫ್ಯಾಂಟಸಿ ಓದಿ ಮುಗಿಸಿದ್ಮೇಲೆ ಮುಲಾಜಿಲ್ಲದೆ ಅಭಿಪ್ರಾಯ ಹೇಳೋದು ಹೇಗೆ

"ಪುಸ್ತಕ ಹೇಗಿತ್ತು?" ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದಲೆಲ್ಲಾ "ಚೆನ್ನಾಗಿದೆ, ಸ್ವಲ್ಪ ಸ್ಲೋ, ಆದ್ರೆ ಓದ್ಬೋದು" ಅಂತಿದ್ದೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಕೇಳಿದವರಿಗೆ ಓದ್ಬೇಕೋ ಬಿಡ್ಬೇಕೋ ಗೊತ್ತಾಗಲ್ಲ, ಆರು ತಿಂಗಳಾದ್ಮೇಲೆ ಯಾಕೆ ಸ್ಲೋ ಅಂದೆ ಅಂತ ನನಗೇ ನೆನಪಿರಲ್ಲ. ಈಗ ಒಂದು ಕ್ರಮ ಇಟ್ಕೊಂಡಿದೀನಿ, ಈಚೆಗೆ ಓದಿದ ಐದಾರು ಫ್ಯಾಂಟಸಿ ಕಾದಂಬರಿ ಮೇಲೆ ಪ್ರಯೋಗಾನೂ ಆಗಿದೆ. ಎಲ್ಲದರ ಹಿಂದೆ ಇರೋದು ಒಂದೇ ಪ್ರಶ್ನೆ: ಎಲ್ಲಿ? ಬೋರ್ ಆಯ್ತಾ, ಎಲ್ಲಿ ಆಯ್ತು. ಮೈ ಜುಮ್ಮಂತಾ, ಯಾವ ಪುಟದಲ್ಲಿ. ಜಾಗ ತೋರಿಸೋಕಾಗದ ಅಭಿಪ್ರಾಯ ನಾನೀಗ ಹೇಳೋಕೇ ಹೋಗಲ್ಲ.

ಇದಕ್ಕೆ ಬೇಕಾಗಿರೋದು ಒಂದು ಚೀಟಿ. ಬುಕ್‌ಮಾರ್ಕ್ ಬದಲು ಉದ್ದಕ್ಕೆ ಹರಿದ ಹಾಳೆ ಇಟ್ಕೊಳ್ಳಿ, ಪುಸ್ತಕ ಕೆಳಗಿಟ್ಟಾಗೆಲ್ಲಾ ಪುಟದ ನಂಬರ್ ಮತ್ತೆ ಒಂದೆರಡು ಪದ ಬರೀರಿ, ಅಷ್ಟೇ, ನೋಟ್ಸ್ ಗೀಟ್ಸ್ ಏನೂ ಬೇಡ. ಮೊಬೈಲಲ್ಲಿ ಓದೋರಾದ್ರೆ ಎಷ್ಟು ಪರ್ಸೆಂಟ್ ಅಂತ ಬರ್ಕೊಳ್ಳಿ. ಹೋದ ತಿಂಗಳು ಒಂದು 640 ಪುಟದ ದಪ್ಪ ಪುಸ್ತಕ ಓದ್ದೆ, ಹೆಸರು ಬೇಡ, ಅದರ ಚೀಟಿ ಹೀಗಿತ್ತು: 38, ಇದ್ಯಾರು? 71, ಮತ್ತೆ ರಾಜವಂಶ. 74, ನಿದ್ದೆ. 79, ನಿದ್ದೆ. 212, ಸೇತುವೆ ಸೂಪರ್! ಆಮೇಲೆ 390ರವರೆಗೆ ಏನೂ ಬರೆದಿಲ್ಲ, ಯಾಕಂದ್ರೆ ಪುಸ್ತಕ ಕೆಳಗಿಟ್ಟೇ ಇಲ್ಲ. ಆ ಖಾಲಿ ಜಾಗಕ್ಕಿಂತ ದೊಡ್ಡ ಹೊಗಳಿಕೆ ಬೇಕಾ? ಈಗ ಯಾರಾದ್ರೂ ಕೇಳಿದ್ರೆ "ಮೊದಲ 80 ಪುಟ ವಂಶಾವಳಿ, ಸಹಿಸ್ಕೊಳ್ಳಿ, ಸೇತುವೆ ಹತ್ರ ಬಂದ್ಮೇಲೆ ಬಿಡೋಕಾಗಲ್ಲ" ಅಂತೀನಿ. ಅದು ಅವರಿಗೆ ಉಪಯೋಗಕ್ಕೆ ಬರೋ ಮಾತು.

ಮುಗಿಸಿದ ದಿನಾನೇ ನಾಲ್ಕು ಸಾಲು ಬರೆದಿಡಿ, ಬೇರೆಯವರು ಏನಂದ್ರು ಅಂತ ನೋಡೋಕೆ ಮುಂಚೆ. ಒಂದ್ಸಲ ನೋಡಿದ್ರೆ ಮುಗೀತು, ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಹಾಗೆ ನಾವೂ ಹೂಂ ಅಂದುಬಿಡ್ತೀವಿ, ಅಥವಾ ಎಲ್ಲರೂ ಹೊಗಳ್ತಿದಾರೆ ಅಂತಾನೇ ಬೈಯೋಕೆ ಶುರು ಮಾಡ್ತೀವಿ, ಎರಡೂ ನಮ್ಮ ಅಭಿಪ್ರಾಯ ಅಲ್ಲ. ನನಗಾಗಿದ್ದು ಎರಡನೇದು. ಎನ್.ಕೆ. ಜೆಮಿಸಿನ್ ಅವರ 'ದಿ ಫಿಫ್ತ್ ಸೀಸನ್' 2015ರಲ್ಲಿ ಬಂತು, 2016ರಲ್ಲಿ ಸೈನ್ಸ್ ಫಿಕ್ಷನ್, ಫ್ಯಾಂಟಸಿಗೆ ಕೊಡೋ ದೊಡ್ಡ ಪ್ರಶಸ್ತಿ ಹ್ಯೂಗೋ ತಗೊಂಡಿತು, ಅದರ ಮುಂದಿನ ಎರಡು ಭಾಗಕ್ಕೂ 2017, 2018ರಲ್ಲಿ ಅದೇ ಪ್ರಶಸ್ತಿ, ಹಾಗಾಗಿ ನಾನು ಓದೋಕೆ ಕೂತಿದ್ದೇ ತಪ್ಪು ಹುಡುಕೋಕೆ. ಮಗನ್ನ ಕಳ್ಕೊಂಡ ತಾಯಿ ಕಥೇನ "ನೀನು ಹೋಗ್ತೀಯ, ನೀನು ನೋಡ್ತೀಯ" ಅಂತ ಹೇಳ್ತಾ ಹೋಗೋದು ನೋಡಿ ಇದೇನು ಗಿಮಿಕ್ಕು ಅಂತ ಅರವತ್ತು ಪುಟಕ್ಕೆ ಮುಚ್ಚಿಟ್ಟೆ, ಓದಿದೀನಿ ಚೆನ್ನಾಗಿಲ್ಲ ಅಂತ ನಾಲ್ಕು ಜನಕ್ಕೆ ಹೇಳಿದ್ದೂ ಆಯ್ತು. ವರ್ಷ ಬಿಟ್ಟು ಪೂರ್ತಿ ಓದಿದಾಗ ಗೊತ್ತಾಯ್ತು ಆ "ನೀನು"ಗೆ ಕಥೆ ಒಳಗೇ ಕಾರಣ ಇದೆ ಅಂತ. ಹಾಗಂತ ಎಲ್ಲಾ ಪುಸ್ತಕಾನೂ ಕೊನೇವರೆಗೆ ಓದಲೇಬೇಕು ಅಂತ ನಾನು ಹೇಳಲ್ಲ. ಅರ್ಧಕ್ಕೆ ಬಿಟ್ರೆ ಅರ್ಧಕ್ಕೆ ಬಿಟ್ಟೆ ಅಂತ ಹೇಳಿ, ಎಷ್ಟನೇ ಪುಟಕ್ಕೆ ಅಂತಾನೂ ಹೇಳಿ, ಸಾಕು.

ಇನ್ನು ಮ್ಯಾಜಿಕ್ಕು. ಫ್ಯಾಂಟಸಿ ಬಗ್ಗೆ ಮಾತಾಡುವಾಗ ಜನ ಜಾಸ್ತಿ ಎಡವೋದು ಇಲ್ಲೇ ಅನ್ಸತ್ತೆ ನನಗೆ. "ಮ್ಯಾಜಿಕ್ ಲಾಜಿಕ್ ಇಲ್ಲ" ಅಂತ ಒಂದೇ ಏಟಿಗೆ ತಳ್ಳಿಹಾಕ್ತಾರೆ, ಎಲ್ಲಾ ಪುಸ್ತಕಕ್ಕೂ ಒಂದೇ ಥರ ಲಾಜಿಕ್ ಬೇಕಾ ಅಂತ ಯೋಚನೇನೇ ಮಾಡಲ್ಲ. ಅಜ್ಜಿ ಕಥೇಲಿ ರಾಕ್ಷಸನ ಪ್ರಾಣ ಏಳು ಸಮುದ್ರದ ಆಚೆ ಗಿಣಿಯೊಳಗೆ ಇರತ್ತಲ್ಲ, ಹೇಗೆ ಇಟ್ಟ ಅಂತ ನಾವು ಕೇಳಲಿಲ್ಲ, ಆದ್ರೆ ಗಿಣಿ ಕತ್ತು ಮುರಿದ್ರೆ ರಾಕ್ಷಸ ಸಾಯ್ತಾನೆ ಅನ್ನೋದು ಮೊದಲೇ ಗೊತ್ತಿತ್ತು, ಅದಕ್ಕೇ ಹೀರೋ ಗಿಣಿ ಹತ್ರ ಹೋಗುವಾಗ ಉಸಿರು ಬಿಗಿಹಿಡಿದು ಕೇಳ್ತಿದ್ವಿ. ಚೆಕ್ ಮಾಡಬೇಕಾಗಿರೋದು ಅದನ್ನೇ: ಹೀರೋ ಸಿಕ್ಕಿಹಾಕ್ಕೊಂಡಾಗ ಬಚಾವಾಗಿದ್ದು ಯಾವುದರಿಂದ, ಅದು ನಮಗೆ ಮುಂಚೇನೇ ಗೊತ್ತಿತ್ತಾ? ಕ್ಲೈಮ್ಯಾಕ್ಸ್ ಪುಟಕ್ಕೆ ಒಂದು ಗುರುತು ಹಾಕಿ, ಹಿಂದಕ್ಕೆ ತಿರುಗಿಸ್ತಾ ಹೋಗಿ, ಆ ಶಕ್ತಿ ಬಗ್ಗೆ ಮೊದಲ ಮಾತು ಎಲ್ಲಿ ಬಂತು ಹುಡುಕಿ. ನೂರಿನ್ನೂರು ಪುಟ ಹಿಂದೆ ಸಿಕ್ಕಿದ್ರೆ ಲೇಖಕರು ಕಷ್ಟಪಟ್ಟಿದಾರೆ. ಎರಡು ಪುಟ ಹಿಂದೆ ಸಿಕ್ಕಿದ್ರೆ ಮೋಸ, ಧೈರ್ಯವಾಗಿ ಬೈಯ್ಯಿ.

ಬ್ರ್ಯಾಂಡನ್ ಸ್ಯಾಂಡರ್ಸನ್ ಅವರ 'ಮಿಸ್ಟ್‌ಬಾರ್ನ್' (2006) ಈ ಪರೀಕ್ಷೇಲಿ ಫಸ್ಟ್ ಕ್ಲಾಸ್ ಪಾಸು. ಅಲ್ಲಿ ಲೋಹದ ಚೂರು ನುಂಗಿ ಹೊಟ್ಟೆಯೊಳಗೆ "ಉರಿಸ್ತಾರೆ", ಕಬ್ಬಿಣ ಉರಿಸಿದ್ರೆ ಹತ್ರ ಇರೋ ಲೋಹನ ಎಳೀಬೋದು, ಉಕ್ಕಾದ್ರೆ ತಳ್ಳಬೋದು. ತಳ್ಳೋ ವಸ್ತು ನಿಮಗಿಂತ ಭಾರ ಇದ್ರೆ ಹಿಂದಕ್ಕೆ ಹಾರೋದು ನೀವೇ. ವಿನ್ ಅನ್ನೋ ಹುಡುಗಿ ಇದನ್ನ ಕಲಿಯೋ ರಾತ್ರಿ ಇದೆ, ಒಂದು ನಾಣ್ಯ ನೆಲಕ್ಕೆ ಹಾಕಿ ಅದನ್ನ ತಳ್ತಾ ತಾನು ಮೇಲಕ್ಕೆ ಏರೋದು, ಅಲ್ಲಿ ನಾವೂ ಅವಳ ಜೊತೆ ಕಲೀತೀವಿ, ಆಮೇಲೆ ಬರೋ ಒಂದೊಂದು ಹೊಡೆದಾಟಾನೂ ನಮಗೆ ಲೆಕ್ಕ ಹಾಕಿ ನೋಡೋಕೆ ಬರತ್ತೆ. ಆದ್ರೆ ನನಗೆ ಭಾಷೆ ಸಪ್ಪೆ ಅನ್ನಿಸ್ತು. ಒಂದು ವಾಕ್ಯಾನೂ ನಿಂತು ಇನ್ನೊಂದ್ಸಲ ಓದ್ಬೇಕು ಅನ್ನಿಸಲಿಲ್ಲ. ಎರಡನ್ನೂ ಹೇಳಿ, ಒಂದಕ್ಕೆ ಇನ್ನೊಂದನ್ನ ವಜಾ ಹಾಕ್ಬೇಡಿ.

ಇದಕ್ಕೆ ಪೂರ್ತಿ ಉಲ್ಟಾ ಉರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ಥ್‌ಸೀ' (1968). ಅಲ್ಲಿ ಲೆಕ್ಕಾಚಾರ ಇಲ್ಲ, ಪ್ರತಿಯೊಂದಕ್ಕೂ ಒಂದು ನಿಜನಾಮ ಇದೆ, ಹೆಸರು ಗೊತ್ತಿದ್ದವನಿಗೆ ಹಿಡಿತ ಅಷ್ಟೇ. ಒಂದು ಕಡೆ ಮೇಷ್ಟ್ರು ಬೆಣಚುಕಲ್ಲೊಂದನ್ನ ವಜ್ರದ ಥರ ಕಾಣೋ ಹಾಗೆ ಮಾಡ್ತಾರೆ, ಹುಡುಗ ಗೆಡ್ ಇದು ಹಾಗೇ ಉಳಿಯೋಕೆ ಏನು ಮಾಡ್ಬೇಕು ಅಂತ ಕೇಳ್ತಾನೆ, ಅದಕ್ಕೆ ಆ ಕಲ್ಲಿನ ನಿಜನಾಮಾನೇ ಬದಲಾಯಿಸ್ಬೇಕು, ಹಾಗೆ ಮಾಡಿದ್ರೆ ಜಗತ್ತನ್ನೇ ಬದಲಾಯಿಸಿದ ಹಾಗೆ ಅಂತಾರೆ. ಇಲ್ಲಿ ಕೂತ್ಕೊಂಡು ಯಾವ ಲೋಹ ಎಷ್ಟು ಗ್ರಾಂ ಅಂತ ಕೇಳೋದು ಮೂರ್ಖತನ. ಇಲ್ಲಿ ಕೇಳಬೇಕಾಗಿರೋದು ಬೇರೆ: ಮ್ಯಾಜಿಕ್ ಮಾಡಿದವನಿಗೆ ಅದರ ಬೆಲೆ ತಟ್ಟಿತಾ? ತಟ್ಟತ್ತೆ, ಚೆನ್ನಾಗೇ ತಟ್ಟತ್ತೆ.

ಮುಂದೆ "ಟ್ವಿಸ್ಟ್ ನನಗೆ ಮೊದಲೇ ಗೊತ್ತಾಯ್ತು" ಅನ್ನೋ ಕಂಪ್ಲೇಂಟು. ಇದನ್ನ ಬರೆಯೋ ಮುಂಚೆ ಒಂದ್ನಿಮಿಷ ಯೋಚನೆ ಮಾಡಿ, ಲೇಖಕರಿಗೆ ಅದನ್ನ ಮುಚ್ಚಿಡೋ ಉದ್ದೇಶ ಇತ್ತಾ ಅಂತ. ಸುಸಾನಾ ಕ್ಲಾರ್ಕ್ ಅವರ 'ಪಿರನೇಸಿ' (2020) ಓದಿ ನನ್ನ ಸ್ನೇಹಿತೆ ಒಬ್ಬಳು ಇದನ್ನೇ ಅಂದ್ಲು. ಕೊನೇನೇ ಇಲ್ಲದ ಒಂದು ಮನೆ, ಹಜಾರದ ಮೇಲೆ ಹಜಾರ, ತುಂಬಾ ವಿಗ್ರಹಗಳು, ಕೆಳಗಿನ ಅಂತಸ್ತಿಗೆ ಸಮುದ್ರದ ಅಲೆ ನುಗ್ಗತ್ತೆ, ಅಲ್ಲಿ ಒಬ್ಬ ಮನುಷ್ಯ ಡೈರಿ ಬರೀತಿದಾನೆ, ಜಗತ್ತಲ್ಲಿ ಇಲ್ಲೀವರೆಗೆ ಇದ್ದಿದ್ದೇ ಹದಿನೈದು ಜನ ಅಂತ ನಂಬಿದಾನೆ, ಅದ್ರಲ್ಲಿ ಹದಿಮೂರು ಬರೀ ಮೂಳೆ. ವಾರಕ್ಕೆರಡು ಸಲ ಅವನನ್ನ ಭೇಟಿ ಮಾಡೋ ಇನ್ನೊಬ್ಬ ಅಷ್ಟೇನೂ ಒಳ್ಳೆಯವನಲ್ಲ ಅಂತ ನಮಗೆ ಬೇಗ ವಾಸನೆ ಹೊಡೆಯತ್ತೆ. ಡೈರಿ ಬರೆಯೋನಿಗೆ ಹೊಡೆಯಲ್ಲ. ನಮಗೆ ಗೊತ್ತು ಅವನಿಗೆ ಗೊತ್ತಿಲ್ಲ ಅನ್ನೋ ಆ ಸಂಕಟದ ಮೇಲೇ ಪುಸ್ತಕ ನಿಂತಿರೋದು, ನಾನಂತೂ ಅಯ್ಯೋ ನಂಬಬೇಡ್ವೋ ಅಂತ ಜೋರಾಗೇ ಹೇಳ್ಬಿಟ್ಟೆ ಒಂದು ಕಡೆ. ಈಚೆಗೆ ಓದಿದ್ರಲ್ಲಿ ನನಗೆ ಅತೀ ಇಷ್ಟ ಆಗಿದ್ದು ಇದೇ, ಮೊದಲ ಐವತ್ತು ಪುಟದಲ್ಲಿ ವಿಗ್ರಹ ಮತ್ತೆ ಅಲೆ ಬಿಟ್ರೆ ಜಾಸ್ತಿ ಏನೂ ನಡೆಯಲ್ಲ ಅನ್ನೋದನ್ನೂ ಸೇರಿಸೇ ಹೇಳ್ತೀನಿ.

ಇಷ್ಟ ಆಗ್ಲಿಲ್ಲ ಅನ್ನೋದು ಬೇರೆ, ಚೆನ್ನಾಗಿಲ್ಲ ಅನ್ನೋದು ಬೇರೆ. ಪ್ಯಾಟ್ರಿಕ್ ರಾತ್‌ಫಸ್ ಅವರ 'ದಿ ನೇಮ್ ಆಫ್ ದಿ ವಿಂಡ್' (2007) ಭಾಷೆ ಬೆಣ್ಣೆ ಥರ, ಶುರುನಲ್ಲೇ ಮೌನಾನ ಮೂರು ಪದರ ಮಾಡಿ ತೋರಿಸ್ತಾರೆ. ಆದ್ರೆ ಹೀರೋ ಕ್ವೋಥ್‌ಗೆ ಸಂಗೀತ ಬರತ್ತೆ, ಮಂತ್ರ ಬರತ್ತೆ, ಹುಡುಗನಾಗೇ ಎಲ್ಲರಿಗಿಂತ ಬೇಗ ಯೂನಿವರ್ಸಿಟಿ ಸೇರ್ತಾನೆ, ನನಗೆ ಅವನನ್ನ ಕಂಡ್ರೆ ಕಿರಿಕಿರಿ. ಅದು ನನ್ನ ಸಮಸ್ಯೆ. ತನ್ನ ಕಥೆ ತಾನೇ ಹೇಳ್ಕೊಳ್ಳೋನು ಕೊಚ್ಕೊಳ್ಳದೆ ಇರ್ತಾನಾ ಅಂತ ನೀವು ಅಂದ್ರೆ ನನ್ನ ಹತ್ರ ಉತ್ತರ ಇಲ್ಲ. ನಾನಂತೂ "ನನಗೆ" ಅನ್ನೋ ಪದ ಸೇರಿಸಿ ಬರೀತೀನಿ.

ಅದೇ ಪುಸ್ತಕದ ಎರಡನೇ ಭಾಗ ಬಂದಿದ್ದು 2011ರಲ್ಲಿ, ಮೂರನೇದಕ್ಕೆ ಜನ ಇನ್ನೂ ಕಾಯ್ತಿದಾರೆ, ಹಾಗಾಗಿ ಸೀರೀಸ್ ಬಗ್ಗೆ ಹೇಳುವಾಗ ಮುಗಿದಿದೆಯಾ ಇಲ್ವಾ ಅಂತ ಮೊದಲ ಸಾಲಲ್ಲೇ ಹೇಳ್ಬಿಡಿ, ಪಾಪ ಕೇಳಿದವರು ಸಿಕ್ಕಿಹಾಕ್ಕೊಳ್ಳೋದು ಬೇಡ. ಇನ್ನು ಕೆಲವು ಹನುಮಂತನ ಬಾಲ. ರಾಬರ್ಟ್ ಜೋರ್ಡನ್ ಅವರ 'ದಿ ವೀಲ್ ಆಫ್ ಟೈಮ್' 1990ರಿಂದ 2013ರವರೆಗೆ 14 ಸಂಪುಟ, ಮಧ್ಯೆ 2007ರಲ್ಲಿ ಅವರು ತೀರ್ಕೊಂಡು ಕೊನೇ ಮೂರನ್ನ ಸ್ಯಾಂಡರ್ಸನ್ ಮುಗಿಸಿದ್ದು. ಇಂಥದ್ದಕ್ಕೆ "ನಾಲ್ಕನೇ ಭಾಗದಿಂದ ಚೆನ್ನಾಗಾಗತ್ತೆ" ಅಂತ ಶಿಫಾರಸು ಮಾಡೋರನ್ನ ಕಂಡ್ರೆ ನನಗೆ ಆಗಲ್ಲ. ನೀವು ಎಷ್ಟನೇ ಭಾಗದಲ್ಲಿದೀರ ಅಷ್ಟಕ್ಕೆ ಮಾತ್ರ ಮಾತಾಡಿ.

ಸ್ಪಾಯ್ಲರ್‌ಗೆ, ಅಂದ್ರೆ ಕಥೆ ಗುಟ್ಟು ಮೊದಲೇ ಬಿಟ್ಟುಕೊಡೋದಕ್ಕೆ, ನನ್ನ ನಿಯಮ ಸಿಂಪಲ್ಲು: ಪುಸ್ತಕದ ಕಾಲು ಭಾಗದೊಳಗೆ ನಡೆದಿದ್ದು ಹೇಳ್ಬೋದು, ಆಮೇಲಿಂದು "ಏನಾಯ್ತು" ಬಿಟ್ಟು "ನನಗೇನಾಯ್ತು" ಅಂತ ಹೇಳ್ಬೇಕು. ಸ್ಟಾರ್ ಕೊಡೋದು ನಾನು ಬಿಟ್ಟಿದೀನಿ, ಮೂರೂವರೆ ಸ್ಟಾರ್ ಅಂದ್ರೆ ಏನು ಅಂತ ನನಗೇ ಗೊತ್ತಿಲ್ಲ.

ಚೀಟಿ ಮಾತ್ರ ಎಸೀಬೇಡಿ, ಹಿಂದಿನ ಕವರ್ ಒಳಗೆ ಸಿಗಿಸಿಡಿ. ಅರ್ಥ್‌ಸೀ ನಾನು ಈಚೆಗೆ ಓದಿದ್ದು ಎರಡನೇ ಸಲ, ಮುಗಿಸಿದ್ಮೇಲೆ ಹಳೇ ಚೀಟಿ ಕೆಳಗೆ ಬಿತ್ತು. ಆ ಕಲ್ಲು ವಜ್ರದ ಪುಟದ ನಂಬರ್ ಬರೆದು ಪಕ್ಕದಲ್ಲಿ "ಉಪದೇಶ, ಸ್ಕಿಪ್" ಅಂತ ಗೀಚಿದ್ದೆ, ನನ್ನದೇ ಅಕ್ಷರ.